ಹೆದ್ದಾರಿ ಮೇಡಂ ಕಿಂಡಿಗೆ ಬಂದದ್ದು

ನಮ್ಮಮ್ಮ ಸರ್ಜನ್. ನಾನು ಹುಟ್ಟುವುದಕ್ಕೆ ಮುಂಚಿನಿಂದಲೂ ಜನರ ಹೊಟ್ಟೆ ಕೊಯ್ಯುತ್ತಾ ಬಂದವಳು. ನನ್ನನ್ನು ಹೆರುವ ಹಿಂದಿನ ದಿನವೂ ಯಾರದೋ ಕರುಳು ಹೊಲಿದು ಮನೆಗೆ ಬಂದಿದ್ದಳಂತೆ. ಎದೆಯೆಲುಬಿನ ಕೆಳಗೆ ಶುರುಮಾಡಿದರೆ ಹೊಕ್ಕುಳು ದಾಟುವವರೆಗೂ ಅವಳ ಚಾಕು ನಿಲ್ಲುವುದಿಲ್ಲ. ಒಳಗಿರುವುದು ಕಾಣಬೇಕಾದರೆ ಬಾಗಿಲು ಪೂರ್ತಿ ತೆರೆಯಬೇಕು, ಸಂದಿಯಲ್ಲಿ ಇಣುಕುವುದು ಕಳ್ಳರ ಕೆಲಸ ಎಂಬುದು ಅವಳ ಸಿದ್ಧಾಂತ. ಅದಕ್ಕೇ ಆಸ್ಪತ್ರೆಯಲ್ಲಿ ಅವಳಿಗೆ ‘ಹೆದ್ದಾರಿ ಮೇಡಂ’ ಎಂದು ಹೆಸರು. ಇಟ್ಟವರು ಯಾರೆಂದು ಅವಳಿಗೆ ಗೊತ್ತಿಲ್ಲ. ಗೊತ್ತಾಗಿದ್ದರೆ ಆ ಪುಣ್ಯಾತ್ಮ ಇಷ್ಟು ಹೊತ್ತಿಗೆ ಸರ್ಜರಿ ಬಿಟ್ಟು ಚರ್ಮರೋಗ ವಿಭಾಗಕ್ಕೆ ಸೇರಿಕೊಂಡಿರುತ್ತಿದ್ದ.

ನಾನೂ ಅದೇ ಆಸ್ಪತ್ರೆಯಲ್ಲಿ ಸರ್ಜರಿ ಪಿ.ಜಿ. ವಿದ್ಯಾರ್ಥಿನಿ, ಕೊನೆಯ ವರ್ಷ. ಅಮ್ಮ ಇರುವ ಕಡೆಯೇ ಸೀಟು ಸಿಕ್ಕಿತಲ್ಲ ಎಂದು ನೆಂಟರೆಲ್ಲ ಹೊಟ್ಟೆ ಉರಿದುಕೊಂಡರು. ಅವರನ್ನು ಒಂದು ವಾರ ನನ್ನ ಜಾಗದಲ್ಲಿ ನಿಲ್ಲಿಸಬೇಕಿತ್ತು. ಬೇರೆ ಪಿ.ಜಿ.ಗಳು ಹೊಲಿಗೆಯ ಗಂಟು ಸಡಿಲ ಹಾಕಿದರೆ ಆಪರೇಷನ್ ಥಿಯೇಟರಿನಲ್ಲಿ ಮಾತ್ರ ಬೈಸಿಕೊಳ್ಳುತ್ತಾರೆ. ನಾನು ಊಟಕ್ಕೆ ಕೂತಾಗಲೂ ಬೈಸಿಕೊಳ್ಳಬೇಕು. ನಮ್ಮ ವಿಭಾಗದಲ್ಲಿ ಬೈಗುಳವೇ ಪಾಠ. ಒಬ್ಬನನ್ನು ಬೈಯುವುದು ನಿಲ್ಲಿಸಿದರೆಂದರೆ ಅವನ ಮೇಲೆ ಆಸೆ ಬಿಟ್ಟರೆಂದೇ ಲೆಕ್ಕ.

ಒಂದೇ ಒಂದು ವಿಷಯದಲ್ಲಿ ನಾನು ಅಮ್ಮನ ಕೈಗೆ ಸಿಗುತ್ತಿರಲಿಲ್ಲ, ಅದು ಲ್ಯಾಪ್ರೋಸ್ಕೋಪಿ. ಹೊಟ್ಟೆಗೆ ಬೆರಳು ಹೋಗುವಷ್ಟು ಮೂರು ನಾಲ್ಕು ಕಿಂಡಿ, ಒಂದರಲ್ಲಿ ಕ್ಯಾಮೆರಾ, ಉಳಿದವುಗಳಲ್ಲಿ ಉದ್ದನೆಯ ಕಡ್ಡಿಯಂಥ ಉಪಕರಣಗಳು, ನಮ್ಮ ಕಣ್ಣು ಪೂರ್ತಿ ಎದುರಿನ ಟೀವಿಯ ಮೇಲೆ. ಅಮ್ಮ ಆ ಥಿಯೇಟರಿಗೆ ಕಾಲೇ ಇಟ್ಟವಳಲ್ಲ. “ಟೀವಿ ನೋಡೋಕೆ ನಮ್ಮನೇಲಿ ಸೋಫಾ ಇದೆ” ಎಂದು ಒಂದೇ ಮಾತಿಗೆ ಮುಗಿಸುತ್ತಿದ್ದಳು.

ನಾನು ಆ ಕೆಲಸದಲ್ಲಿ ಪಳಗಿದ್ದು ಸಿಮ್ಯುಲೇಷನ್ ಲ್ಯಾಬಿನಲ್ಲಿ. ಹೆಸರು ಕೇಳಿ ದೊಡ್ಡದೇನೋ ಅಂದುಕೊಳ್ಳಬೇಡಿ. ಅದು ಇರುವುದು ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಕೋಣೆಯ ಪಕ್ಕ. ಗೋಡೆ ಯಾವಾಗಲೂ ಬೆಚ್ಚಗೆ, ಗಾಳಿಯಲ್ಲಿ ಸೋಪಿನ ವಾಸನೆ. ಅಲ್ಲಿ ಒಂದು ಕಪ್ಪು ಪೆಟ್ಟಿಗೆ ಇದೆ. ಮುಚ್ಚಳದಲ್ಲಿ ತೂತುಗಳು, ಒಳಗೆ ಕ್ಲಿಪ್ಪಿಗೆ ಸಿಕ್ಕಿಸಿದ ಪುಟ್ಟ ಕ್ಯಾಮೆರಾ. ತೂತಿನಿಂದ ಕಡ್ಡಿ ತೂರಿಸಿ, ಟೀವಿ ನೋಡುತ್ತಾ ಕಡಲೆಕಾಳನ್ನು ಒಂದು ಬಟ್ಟಲಿನಿಂದ ಇನ್ನೊಂದಕ್ಕೆ ಹಾಕಬೇಕು, ದ್ರಾಕ್ಷಿಯ ಸಿಪ್ಪೆ ಸುಲಿಯಬೇಕು. ಅದು ಒಂದನೇ ತರಗತಿ ಇದ್ದ ಹಾಗೆ. ಪಕ್ಕದಲ್ಲಿ ದೊಡ್ಡ ಕಂಪ್ಯೂಟರ್ ಯಂತ್ರ. ಅದರ ತೆರೆಯ ಮೇಲೆ ನಿಜವಾದಂತೆಯೇ ಯಕೃತ್ತು, ಪಿತ್ತಕೋಶ, ಮಿಡಿಯುವ ರಕ್ತನಾಳ. ತಪ್ಪು ಕಡೆ ಚುಚ್ಚಿದರೆ ರಕ್ತ ಬರುತ್ತದೆ, ಹೆಚ್ಚು ಚುಚ್ಚಿದರೆ ರೋಗಿ ಸಾಯುತ್ತಾನೆ. ಸತ್ತ ಮೇಲೆ ಒಂದು ಹೆಣ್ಣುದನಿ ತೀರಾ ನಯವಾಗಿ ನಮ್ಮ ತಪ್ಪುಗಳನ್ನೆಲ್ಲ ಒಂದೊಂದಾಗಿ ಎತ್ತಿ ಆಡುತ್ತದೆ. ಅದಕ್ಕೆ ನಾವಿಟ್ಟ ಹೆಸರು ‘ಅತ್ತೆ’. ಅತ್ತೆಯ ಹತ್ತಿರ ಅತಿ ಹೆಚ್ಚು ಅಂಕ ಗಿಟ್ಟಿಸಿದ ಸೊಸೆ ನಾನೇ ಆದ್ದರಿಂದ ಲ್ಯಾಬಿನ ಉಸ್ತುವಾರಿಯನ್ನೂ ನನ್ನ ತಲೆಗೆ ಕಟ್ಟಿದ್ದರು. ಹೊಸ ಪಿ.ಜಿ.ಗಳಿಗೆ ಕಲಿಸುವುದು, ಅಂದರೆ ಬೈಯುವುದು, ನನ್ನ ಕೆಲಸ.

ಹೀಗಿರುವಾಗ ಆಡಳಿತ ಮಂಡಳಿಯಿಂದ ಹೊಸ ನಿಯಮ ಬಂತು. ಅತ್ತೆಯ ಪರೀಕ್ಷೆ ಪಾಸಾಗದವರು, ಪಿ.ಜಿ.ಯಾಗಲಿ ಪ್ರೊಫೆಸರಾಗಲಿ, ಲ್ಯಾಪ್ರೋಸ್ಕೋಪಿಗೆ ಕೈ ಹಾಕುವಂತಿಲ್ಲ. ಬೇಕಾದರೆ ಇನ್ನೊಬ್ಬರಿಗೆ ಕ್ಯಾಮೆರಾ ಹಿಡಿಯಬಹುದು. ಕೇಳುವುದಕ್ಕೆ ಸಣ್ಣ ನಿಯಮ. ಆದರೆ ಹೊಟ್ಟೆಯೊಳಗಿನ ಮುಕ್ಕಾಲು ಕೆಲಸ ಈಗ ಕಿಂಡಿಯಲ್ಲೇ ನಡೆಯುತ್ತದೆ. ಹೆದ್ದಾರಿ ಬೇಕಾಗುವ ರೋಗಿಗಳು ಅಪರೂಪವಾಗಿ, ಅಮ್ಮನ ಥಿಯೇಟರ್ ದಿನಗಳು ಒಂದೊಂದಾಗಿ ಕಿರಿಯರ ಪಾಲಾಗುತ್ತಿದ್ದವು. ಪಾಸಾಗದಿದ್ದರೆ ಅವಳಿಗೆ ಉಳಿಯುವುದು ಹೊರರೋಗಿ ವಿಭಾಗದ ಕುರ್ಚಿ ಮತ್ತು ಎಂದಾದರೊಮ್ಮೆ ಬರುವ ಅಪಘಾತದ ಕೇಸು.

ಇದನ್ನು ಅವಳಿಗೆ ಹೇಳುವ ಪಾಡು ವಿಭಾಗದ ಮುಖ್ಯಸ್ಥರದು. ಅವರು ಅಮ್ಮನ ಹಳೆಯ ಶಿಷ್ಯ. ಎಂದೋ ರಕ್ತ ಚಿಮ್ಮಿದಾಗ ಹಿಂದೆ ಸರಿದರೆಂದು ಅಮ್ಮ ಅವರನ್ನು ‘ಅಂಜುಬುರುಕ’ ಎಂದು ಕರೆದಿದ್ದಳು. ತಲೆ ಬೋಳಾಗಿ, ಹೊಟ್ಟೆ ಬಂದು, ಮುಖ್ಯಸ್ಥರ ಕುರ್ಚಿಯಲ್ಲಿ ಕೂತರೂ ಅವರಿಗೆ ಆ ಹೆಸರಿನಿಂದ ಬಿಡುಗಡೆ ಸಿಕ್ಕಿರಲಿಲ್ಲ.

“ಮೇಡಂ, ಈ ನಿಯಮ ನಾನು ಮಾಡಿದ್ದಲ್ಲ” ಎಂದರು ಅವರು, ಎದ್ದು ನಿಂತು.

“ಗೊತ್ತು ಕಣೋ ಅಂಜುಬುರುಕ. ನಿಯಮ ಮಾಡೋ ಧೈರ್ಯ ನಿನಗೆಲ್ಲಿಂದ ಬರಬೇಕು?” ಎಂದಳು ಅಮ್ಮ. ಬಾಗಿಲ ಹತ್ತಿರ ಹೋಗಿ ತಿರುಗಿ, “ಯಾವಾಗ ಪರೀಕ್ಷೆ?” ಎಂದು ಕೇಳಿದಳು.

ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಹೆದರಿದವನು ಅಪ್ಪ. ಅಪ್ಪ ಕಟ್ಟಡಗಳ ನಕ್ಷೆ ಬಿಡಿಸುವವನು, ಮನೆಯಲ್ಲೇ ಕೂತು ಕೆಲಸ. ಅಮ್ಮನಿಗೆ ರಜೆ ಬಂದರೆ ಅವನಿಗೆ ಗ್ರಹಚಾರ. ಹಿಂದೆ ನಿಂತು ನಕ್ಷೆ ನೋಡುತ್ತಾಳೆ, “ಈ ಗೋಡೆ ಯಾಕಿಲ್ಲಿ? ತೆಗೆದು ಬಿಸಾಕಿ” ಎನ್ನುತ್ತಾಳೆ. ಹೋದ ರಜೆಯಲ್ಲಿ ಅಡುಗೆಮನೆಯ ಸಿಂಕಿನ ಕೆಳಗೆ ನೀರು ಸೋರುತ್ತದೆಂದು ಇಡೀ ಮರದ ಕಪಾಟು ಬಿಚ್ಚಿ ಹಾಕಿದ್ದಳು. ಸೋರುತ್ತಿದ್ದದ್ದು ನಲ್ಲಿಯ ಬಾಯಿಯ ವಾಷರು.

“ಹೆಂಗಾದ್ರೂ ಪಾಸ್ ಮಾಡ್ಸು ತಾಯಿ” ಎಂದು ಅಪ್ಪ ನನ್ನನ್ನು ಮೂಲೆಗೆ ಕರೆದು ಕೈ ಹಿಡಿದುಕೊಂಡ. “ಅವಳು ಪೂರ್ತಿ ಮನೇಲೇ ಇದ್ರೆ ಈ ಮನೆಗೊಂದು ಗೋಡೆ ಉಳಿಯಲ್ಲ. ನನ್ನ ಹೊಟ್ಟೇನೂ ಉಳಿಯೋದು ಅನುಮಾನ.”

ಅಪ್ಪನ ತಮಾಷೆಯ ಹಿಂದೆ ಇರುವ ಭಯ ನನಗೂ ಇತ್ತು. ಆಪರೇಷನ್ ಮಾಡದ ನಮ್ಮಮ್ಮ ಎಂದರೆ ಏನು ಎಂದು ನಾನು ಯೋಚಿಸಿಯೇ ಇರಲಿಲ್ಲ. 

ಅಮ್ಮ ಲ್ಯಾಬಿಗೆ ಇಳಿದು ಬಂದಳು. ಬಂದವಳೇ ಎರಡು ಕಡ್ಡಿ ಹಿಡಿದು ಪೆಟ್ಟಿಗೆಯ ಮುಂದೆ ನಿಂತಳು. ಇಲ್ಲಿ ಒಂದು ವಿಷಯ ಹೇಳಬೇಕು. ಕಿಂಡಿಯ ಮೂಲಕ ಹೋದ ಕಡ್ಡಿ ಏತದ ಹಾಗೆ. ಹೊರಗೆ ಕೈ ಬಲಕ್ಕೆ ಹೋದರೆ ಒಳಗೆ ತುದಿ ಎಡಕ್ಕೆ ಹೋಗುತ್ತದೆ, ಕೈ ಎತ್ತಿದರೆ ತುದಿ ಇಳಿಯುತ್ತದೆ. ಏನೂ ಕಲಿಯದ ಹುಡುಗರು ಒಂದಷ್ಟು ದಿನ ಒದ್ದಾಡಿ ಇದಕ್ಕೆ ಒಗ್ಗಿಕೊಳ್ಳುತ್ತಾರೆ. ಆದರೆ ಅಮ್ಮನ ಕೈಗಳು ಏನೂ ಕಲಿಯದ ಕೈಗಳಲ್ಲ. ಕಣ್ಣು ನೋಡಿದ ಕಡೆಗೆ ನೆಟ್ಟಗೆ ಹೋಗಿ ಗೊತ್ತಿರುವ ಕೈಗಳು. ಅವು ಕಾಳಿನ ಕಡೆಗೆ ಹೊರಟವು, ಕಡ್ಡಿ ಪೆಟ್ಟಿಗೆಯ ಗೋಡೆಗೆ ಗುದ್ದಿತು. ಮತ್ತೆ ಹೊರಟವು, ಬಟ್ಟಲು ಮಗುಚಿತು. ಅಷ್ಟು ವರ್ಷ ಯಾವ ರೋಗಿಯ ಮುಂದೆಯೂ ನಡುಗದ ಕೈ ಕಡಲೆಕಾಳಿನ ಮುಂದೆ ನಡುಗಿದ್ದನ್ನು ನಾನು ಕಣ್ಣಾರೆ ಕಂಡೆ. ಬೇರೆ ಪಿ.ಜಿ. ಆಗಿದ್ದರೆ, “ಏನಯ್ಯಾ, ಮಜ್ಜಿಗೆ ಕಡೀತಿದ್ದೀಯಾ?” ಎಂದು ಗದರಿಸುತ್ತಿದ್ದೆ. ಅಮ್ಮನಿಗೆ, “ಪರವಾಗಿಲ್ಲ ಅಮ್ಮ, ಚೆನ್ನಾಗೇ ಬರ್ತಿದೆ” ಎಂದೆ.

ಹಾಗೇ ಕೆಲವು ದಿನ ಕಳೆದವು. ಕಾಳುಗಳು ಲ್ಯಾಬಿನ ತುಂಬ ಚೆಲ್ಲಾಡಿದವು. ಅಮ್ಮ ಮನೆಯಲ್ಲಿ ಮಾತು ಕಡಿಮೆ ಮಾಡಿದಳು, ನನ್ನ ಗಂಟುಗಳ ಬಗ್ಗೆ ಬೈಯುವುದನ್ನೂ ಬಿಟ್ಟಳು. ಒಂದು ಸಂಜೆ ಅವಳು ಊಟದ ಮೇಜಿನ ಮೇಲೆ ಅಂಗೈಗಳನ್ನಿಟ್ಟು, ಯಾರದೋ ಕೈ ನೋಡುವ ಹಾಗೆ ನೋಡುತ್ತಾ ಕೂತಿದ್ದಳು. ನನಗೆ ತಡೆಯಲಾಗಲಿಲ್ಲ. ಮರುದಿನ ಅವಳು ಬರುವ ಮೊದಲೇ ಪೆಟ್ಟಿಗೆಯ ಮುಚ್ಚಳ ತೆಗೆದು, ಒಳಗಿನ ಕ್ಯಾಮೆರಾವನ್ನು ತಲೆಕೆಳಗು ಮಾಡಿ ಕ್ಲಿಪ್ಪಿಗೆ ಸಿಕ್ಕಿಸಿಬಿಟ್ಟೆ.

ಇದು ನಮ್ಮ ಕೆಲಸದವರಿಗೆ ಮಾತ್ರ ಹೊಳೆಯುವ ಕಿತಾಪತಿ. ಕಿಂಡಿ ಎಡವನ್ನು ಬಲ ಮಾಡುತ್ತದೆ. ತಲೆಕೆಳಗಾದ ಕ್ಯಾಮೆರಾ ಆ ಬಲವನ್ನು ಮತ್ತೆ ಎಡ ಮಾಡುತ್ತದೆ. ಎರಡು ತಪ್ಪು ಸೇರಿ ಟೀವಿಯ ಮೇಲೆ ಎಲ್ಲವೂ ಸರಿಯಾಗಿ ಕಾಣುತ್ತದೆ. ಕೈ ಬಲಕ್ಕೆ, ತುದಿಯೂ ಬಲಕ್ಕೆ.

ಅಮ್ಮ ಕಡ್ಡಿ ತೂರಿಸಿ ಹುಬ್ಬು ಗಂಟಿಕ್ಕಿದಳು. “ಇವತ್ತು ಟೀವೀಲಿ ಕಡ್ಡಿಗಳು ಮೇಲಿಂದ ಇಳೀತಿವೆಯಲ್ಲೇ?”

“ಕ್ಯಾಮೆರಾದ ಕೋನ ಸ್ವಲ್ಪ ಬದಲಾಯಿಸಿದ್ದೀನಿ” ಎಂದೆ. ಸುಳ್ಳೇನಲ್ಲ. ನೂರಾ ಎಂಬತ್ತು ಡಿಗ್ರಿಯೂ ಕೋನವೇ.

ಅಮ್ಮ ಒಂದು ಕಾಳು ಎತ್ತಿದಳು. ಹಾಕಿದಳು. ಇನ್ನೊಂದು ಎತ್ತಿದಳು. ಆಮೇಲೆ ಎಲ್ಲವನ್ನೂ ಸರಸರನೆ ಸಾಗಿಸಿ, ದ್ರಾಕ್ಷಿಯ ಸಿಪ್ಪೆಯನ್ನು ಒಂದೇ ತುಂಡಾಗಿ ಸುಲಿದು ಎತ್ತಿ ಹಿಡಿದಳು. “ಇಷ್ಟೇನಾ ನಿಮ್ಮ ಲ್ಯಾಪ್ರೋಸ್ಕೋಪಿ? ಇದಕ್ಕೆ ಇಷ್ಟು ಜಂಬಾನಾ?” ಎಂದಳು. ಆ ಸಂಜೆ ಮನೆಗೆ ಬಂದು ನನ್ನ ಗಂಟುಗಳ ಬಗ್ಗೆ ಮನಸಾರೆ ಬೈದಳು. ಅಪ್ಪ ಬಾತ್‌ರೂಮಿನಲ್ಲಿ ಹಾಡು ಗುನುಗಿದ. ನನ್ನ ಯೋಚನೆ ಇದ್ದದ್ದು ಹೀಗೆ: ಮೊದಲು ಧೈರ್ಯ ಬರಲಿ, ಆಮೇಲೆ ಮೆಲ್ಲಗೆ ಕ್ಯಾಮೆರಾ ನೆಟ್ಟಗೆ ಮಾಡಿ ಸರಿಯಾಗಿ ಕಲಿಸಿದರಾಯಿತು. ಆದರೆ ದಿನವೂ ಅವಳ ಖುಷಿ ನೋಡಿ, ನಾಳೆ ಮಾಡಿದರಾಯಿತು ಎಂದುಕೊಂಡು ಮುಂದೂಡಿದೆ.

ಆ ನಾಳೆ ಬರುವ ಮೊದಲೇ ಅಮ್ಮ, “ಕಾಳು ಸಾಕು, ನಿಮ್ಮತ್ತೆ ಹತ್ರ ಹೋಗೋಣ” ಎಂದಳು.

ಅತ್ತೆಯ ತೆರೆಯನ್ನು ತಲೆಕೆಳಗು ಮಾಡಿ ತಪ್ಪಿಸಿಕೊಳ್ಳುವಂತಿರಲಿಲ್ಲ. ಕಾಳಿಗೆ ತಲೆಯೂ ಇಲ್ಲ ಬುಡವೂ ಇಲ್ಲ. ಆದರೆ ಯಕೃತ್ತು ಎಲ್ಲಿರಬೇಕು, ಪಿತ್ತಕೋಶ ಯಾವ ಕಡೆ ತೂಗಬೇಕು ಎನ್ನುವುದು ಅಮ್ಮನಿಗೆ ನಿದ್ದೆಯಲ್ಲೂ ಗೊತ್ತು. ನಾನು ಏನೇನೋ ನೆಪ ಹೇಳಿದೆ, ಅವಳು ಕೇಳಲಿಲ್ಲ. ಕಡ್ಡಿ ಹಿಡಿದು ಶುರುಮಾಡಿದಳು. ಈಗ ಅವಳಿಗೆ ಮೊದಲಿದ್ದ ಅನುಮಾನವೂ ಇಲ್ಲ, ನಾನು ಕೊಟ್ಟ ಧೈರ್ಯ ತುಂಬಿತ್ತು. ಪಿತ್ತಕೋಶ ಹಿಡಿಯಲು ಹೋದ ಕೈ ವೇಗವಾಗಿ, ಒಂಚೂರೂ ಅಳುಕದೆ, ಯಕೃತ್ತನ್ನು ಬಗೆದು ಹಾಕಿತು. ತೆರೆ ಕೆಂಪಾಯಿತು. ಸರಿಮಾಡಲು ಹೋಗಿ ಇನ್ನೊಂದು ಕಡೆ ಚುಚ್ಚಿದಳು.

“ಯಕೃತ್ತಿಗೆ ತೀವ್ರ ಗಾಯವಾಗಿದೆ” ಎಂದಳು ಅತ್ತೆ. “ದೊಡ್ಡ ರಕ್ತನಾಳಕ್ಕೆ ಗಾಯವಾಗಿದೆ. ರೋಗಿ ಮೃತಪಟ್ಟಿದ್ದಾರೆ. ದಯವಿಟ್ಟು ಮತ್ತೊಮ್ಮೆ ಪ್ರಯತ್ನಿಸಿ.”

“ಬಾಯ್ಮುಚ್ಚೇ” ಎಂದಳು ಅಮ್ಮ, ಯಂತ್ರಕ್ಕೆ.

ಮತ್ತೆ ಮಾಡಿದಳು, ಮತ್ತೆ ಕೊಂದಳು. ಕಡ್ಡಿಗಳನ್ನು ಕೆಳಗಿಟ್ಟು ಹೋಗಿ ಪೆಟ್ಟಿಗೆಯ ಮುಂದೆ ನಿಂತಳು. ಕಾಳು ಎತ್ತಿದಳು, ಬಂತು. “ಇದ್ರಲ್ಲಿ ಬರುತ್ತೆ, ಅದ್ರಲ್ಲಿ ಬರಲ್ಲ. ಯಾಕೆ?”

“ಯಂತ್ರಕ್ಕೆ ಒಗ್ಗಬೇಕಮ್ಮ, ಅಷ್ಟೇ.”

ಅವಳು ನನ್ನ ಮುಖ ನೋಡಿದಳು. ಬಲಗೈಯನ್ನು ಬಲಕ್ಕೆ ಸರಿಸಿ ಟೀವಿ ನೋಡಿದಳು. ಎಡಕ್ಕೆ ಸರಿಸಿ ನೋಡಿದಳು. ಆಮೇಲೆ ನಮ್ಮ ಲ್ಯಾಬಿನಲ್ಲಿ ಕಲಿಯಲು ಬಂದವರು ಯಾರೂ ಮಾಡದ ಕೆಲಸ ಮಾಡಿದಳು. ಮುಚ್ಚಳ ತೆಗೆಯಬಾರದು, ಟೀವಿ ನೋಡಿಯೇ ಅರ್ಥಮಾಡಿಕೊಳ್ಳಬೇಕು ಎಂಬುದೇ ಆ ಪೆಟ್ಟಿಗೆಯ ಮೊದಲ ಪಾಠ. ಆದರೆ ಅಮ್ಮ ಒಳಗೆ ಏನೋ ಕೆಟ್ಟಿದೆ ಅನಿಸಿದರೆ ತೆರೆದು ನೋಡುವವಳು. ಎರಡೂ ಕೈಯಲ್ಲಿ ಮುಚ್ಚಳ ಎತ್ತಿ ಪಕ್ಕಕ್ಕಿಟ್ಟಳು. ಮೇಲೆ ಇರಬೇಕಾದ ಕ್ಯಾಮೆರಾದ ಗುಂಡಿ ನೆಲ ನೋಡುತ್ತಿತ್ತು.

“ನೀನಾ?”

“ಹೂಂ.”

ನಾನು ಸಿಡಿಲಿಗೆ ಕಾದೆ. ಅದು ಬರಲಿಲ್ಲ. ಮುಚ್ಚಳ ಮುಚ್ಚಿ, ಕಡ್ಡಿಗಳನ್ನು ನನ್ನ ಕೈಗೆ ಕೊಟ್ಟು, “ಮಾಡು” ಎಂದಳು. ತಲೆಕೆಳಗಾದ ಚಿತ್ರದಲ್ಲಿ ಕಾಳೊಂದನ್ನು ಹಿಡಿಯಲು ಹೋದೆ. ನೆಟ್ಟಗಿನ ಚಿತ್ರಕ್ಕೆ ಒಗ್ಗಿದ್ದ ನನ್ನ ಕೈಗಳು ದಿಕ್ಕೆಟ್ಟು ಓಡಾಡಿದವು. ಕಾಳು ಒಂದು ಕಡೆ, ನಾನು ಒಂದು ಕಡೆ. ಬಟ್ಟಲು ಮಗುಚಿತು. ಅಮ್ಮ ನಕ್ಕಳು. ಸ್ಟೂಲು ಎಳೆದುಕೊಂಡು ಕೂತು, ಕಣ್ಣಲ್ಲಿ ನೀರು ಬರುವವರೆಗೂ ನಕ್ಕಳು. ನನಗೂ ನಗು ಬಂತು, ಸದ್ಯ ಬಚಾವಾದೆ ಎಂದುಕೊಂಡೆ.

ಅಷ್ಟರಲ್ಲಿ ಅವಳ ನಗು ನಿಂತಿತು.

“ಬೇರೆ ಪಿ.ಜಿ.ಗಳಿಗೆ ಯಾರಿಗಾದ್ರೂ ಹೀಗೆ ಕ್ಯಾಮೆರಾ ತಿರುಗಿಸಿ ಕೊಟ್ಟಿದ್ದೀಯಾ?”

“ಇಲ್ಲ.”

“ಅವರಿಗೆ ಬರದಿದ್ರೆ ಏನ್ಮಾಡ್ತೀಯ?”

“ಬೈತೀನಿ.”

“ನನಗ್ಯಾಕೆ ಬೈಲಿಲ್ಲ?”

 ಪಕ್ಕದ ಕೋಣೆಯಲ್ಲಿ ಒಗೆಯುವ ಯಂತ್ರ ಗಡಗಡ ಎನ್ನುತ್ತಿತ್ತು.

“ನಮ್ಮಮ್ಮಂದು ಮುಗೀತು ಅಂತ ತೀರ್ಮಾನ ಮಾಡ್ಬಿಟ್ಟೆ, ಅಲ್ವಾ? ಕೈಲಾಗದ ಮುದುಕಿ, ಆಟ ಆಡ್ಕೊಂಡು ಖುಷಿಯಾಗಿರ್ಲಿ ಅಂತ. ನಾಳೆ ನಿಜವಾದ ಹೊಟ್ಟೆ ಮುಂದೆ ನಿಂತಾಗ ನಿನ್ನ ಕರುಣೆ ಬಂದು ಯಕೃತ್ತು ಹೊಲಿಯುತ್ತಾ?”

ನನಗೆ ಅಳು ಬಂತು. ಹಾಗಲ್ಲಮ್ಮ ಎಂದು ಹೇಳಬೇಕೆಂದುಕೊಂಡೆ. ಆದರೆ ಹಾಗೆಯೇ ಆಗಿತ್ತು. ನನ್ನ ಪ್ರೀತಿಯಲ್ಲಿ ಅಷ್ಟು ಅವಮಾನ ಇತ್ತು. ಅದು ಅವಳು ಹೇಳುವವರೆಗೂ ನನಗೆ ಕಾಣಲಿಲ್ಲ.

ಅಮ್ಮ ಮುಚ್ಚಳ ತೆಗೆದು, ಕ್ಯಾಮೆರಾ ತಾನೇ ನೆಟ್ಟಗೆ ಮಾಡಿ, ಮುಚ್ಚಿದಳು. ಕಡ್ಡಿ ಹಿಡಿದಳು. “ಶುರು ಮಾಡು. ಬೈಯಿ.”

ಮೊದಮೊದಲು ಬಾಯಿ ಬರಲಿಲ್ಲ. ಆಮೇಲೆ ಬಂತು. “ಯಾರನ್ನ ಗುದ್ದೋಕೆ ಹೋಗ್ತಿದ್ದೀಯಾ? ಅದು ಕಾಳು, ಕಳ್ಳ ಅಲ್ಲ!” “ಎಡ ಅಂದ್ರೆ ಎಡ! ಕಣ್ಣೇನು ಮನೇಲಿ ಬಿಟ್ಟು ಬಂದ್ಯಾ?” “ಅವಸರ ಇದ್ರೆ ಕುದುರೆ ಓಡ್ಸೋಕೆ ಹೋಗು, ಸರ್ಜರಿ ಯಾಕೆ?” ಹೇಳುತ್ತಾ ಹೋದಂತೆ ಗೊತ್ತಾಯಿತು, ಇವೆಲ್ಲ ಅವಳದೇ ಮಾತುಗಳು. ಊಟದ ಮೇಜಿನಲ್ಲಿ ನನಗೆ ಅವಳು ಬಡಿಸಿದ್ದನ್ನೇ ಅವಳಿಗೆ ತಿರುಗಿ ಬಡಿಸುತ್ತಿದ್ದೆ. ಹೆದ್ದಾರಿ ಮೇಡಂಗೆ ಯಾರೋ ಬೈಯುತ್ತಿದ್ದಾರೆಂದು ಬಟ್ಟೆ ಒಗೆಯುವ ಕೋಣೆಯವರು ಬಂದು ಬಾಗಿಲಲ್ಲಿ ನಿಂತು ಕೇಳಿ ಪಾವನರಾಗಿ ಹೋದರು. ಅಮ್ಮ ಎದುರಾಡಲಿಲ್ಲ. ಹಲ್ಲು ಕಚ್ಚಿಕೊಂಡು, ಕಲಿತದ್ದನ್ನೆಲ್ಲ ಕೈಯಿಂದ ಕಿತ್ತು ಹಾಕಿ ಮತ್ತೆ ಕಲಿತಳು. ನಾನು ಕೆಡಿಸಿದ್ದಕ್ಕೆ ಮೊದಲಿಗಿಂತ ಹೆಚ್ಚು ಕಷ್ಟವಾಯಿತು, ಅದನ್ನೂ ಬಾಯಿಬಿಟ್ಟು ಹೇಳಲಿಲ್ಲ.

ಪರೀಕ್ಷೆಯ ದಿನ ಲ್ಯಾಬು ತುಂಬಿತ್ತು. ಮುಖ್ಯಸ್ಥರು, ಆಡಳಿತ ಮಂಡಳಿಯ ಒಬ್ಬರು, ಕೆಲಸವಿಲ್ಲದ ಪಿ.ಜಿ.ಗಳೆಲ್ಲ. ಪರೀಕ್ಷೆಗೆ ನಿಂತವರು ಅತ್ತೆಯ ಯಂತ್ರದ ಕ್ಯಾಮೆರಾ ಹಿಡಿಯಲು ಒಬ್ಬರನ್ನು ಆರಿಸಿಕೊಳ್ಳಬಹುದು. ಹಿಡಿದವರು ತುಟಿ ಬಿಚ್ಚುವಂತಿಲ್ಲ. ಅಮ್ಮ ನನ್ನ ಕಡೆ ಬೆರಳು ತೋರಿಸಿದಳು.

ನಿಧಾನವಾಗಿ ಮಾಡಿದಳು. ಪಿತ್ತಕೋಶ ಹಿಡಿದು ಎತ್ತಿದಳು, ಕುತ್ತಿಗೆಯ ಹತ್ತಿರದ ಕೊಬ್ಬು ಬಿಡಿಸಿದಳು. ಪಿತ್ತನಾಳವನ್ನು ಕ್ಲಿಪ್ ಹಾಕಿ ಕತ್ತರಿಸುವ ಜಾಗಕ್ಕೆ ಬಂದಾಗ ಕೈ ತಡವರಿಸಿತು. ತುದಿ ತಪ್ಪು ಕಡೆ ಒಂದು ಕೂದಲಷ್ಟು ಹೊರಟಿತು. ನನ್ನ ಬೆರಳು ಕ್ಯಾಮೆರಾದ ಚಿತ್ರ ತಿರುಗಿಸುವ ಉಂಗುರದ ಮೇಲಿತ್ತು. ಸ್ವಲ್ಪ ತಿರುಗಿಸಿದರೆ ಸಾಕು, ಅವಳ ಕೈಗೆ ಹಾದಿ ಸುಲಭವಾಗುತ್ತಿತ್ತು, ನೋಡುವವರಿಗೆ ಗೊತ್ತೂ ಆಗುತ್ತಿರಲಿಲ್ಲ.

“ಕ್ಯಾಮೆರಾ ನೆಟ್ಟಗಿರ್ಲಿ” ಎಂದಳು ಅಮ್ಮ, ತೆರೆಯಿಂದ ಕಣ್ಣು ತೆಗೆಯದೆ.

ನಾನು ಉಂಗುರದಿಂದ ಬೆರಳು ತೆಗೆದೆ. ಅವಳು ಕೈ ನಿಲ್ಲಿಸಿ, ಉಸಿರು ಬಿಟ್ಟು, ಹಿಂದೆ ಬಂದು, ಸರಿಯಾದ ದಾರಿ ಹಿಡಿದಳು. ಪಿತ್ತಕೋಶ ಹೊರಬಂತು. ಒಂದು ತೊಟ್ಟೂ ರಕ್ತ ಚೆಲ್ಲಿರಲಿಲ್ಲ.

“ರೋಗಿ ಸುರಕ್ಷಿತವಾಗಿದ್ದಾರೆ” ಎಂದಳು ಅತ್ತೆ. “ನಿಗದಿತ ಸಮಯ ಮೀರಿದೆ. ಅನುತ್ತೀರ್ಣ.”

 ಮುಖ್ಯಸ್ಥರು ಹತ್ತಿರ ಬಂದರು. ಅವರ ದನಿಯಲ್ಲೇ ಗೊತ್ತಾಯಿತು, ಸಂಕಟ ನಿಜವಾದದ್ದು. “ಮೇಡಂ, ಬರೀ ಸಮಯ ತಾನೇ? ಮಂಡಳಿ ಹತ್ರ ನಾನು ಮಾತಾಡ್ತೀನಿ. ನಿಮ್ಮಂಥವರಿಗೆ...”

“ನಿನ್ನನ್ನ ನಾನು ಫೇಲ್ ಮಾಡಿದ್ದೆನಲ್ಲ, ಆಗ ಯಾರ ಹತ್ರ ಮಾತಾಡಿದ್ದೆ?” ಎಂದಳು ಅಮ್ಮ. “ಸುಮ್ನಿರು. ಮುಂದಿನ ಸಲ ಬರ್ತೀನಿ.” ಆಮೇಲೆ ಎಲ್ಲರಿಗೂ ಕೇಳುವ ಹಾಗೆ, “ಬದುಕಿದಾನೆ ತಾನೇ?” ಎಂದು ಯಂತ್ರದ ತಲೆಗೆ ಒಂದು ಮೊಟಕಿದಳು. ಮೆಟ್ಟಿಲು ಹತ್ತುವಾಗ ಮಾತ್ರ ಅವಳು ಕಂಬಿ ಹಿಡಿದುಕೊಂಡಿದ್ದಳು. ಎಂದೂ ಹಿಡಿಯದವಳು.

ಮುಂದಿನ ಪರೀಕ್ಷೆ ಅರ್ಧ ವರ್ಷ ಕಳೆದ ಮೇಲೆ. ಅಲ್ಲಿಯವರೆಗೆ ಅವಳು ಹೊರರೋಗಿ ವಿಭಾಗದ ಕುರ್ಚಿಯಲ್ಲಿ ಕೂತು ಎದುರು ಬಂದವರ ಹೊಟ್ಟೆಗಳನ್ನು ಆಸೆಯಿಂದ ನೋಡಬೇಕಿತ್ತು. ಅಮ್ಮ ಇನ್ನೊಂದು ದಾರಿ ಹುಡುಕಿದಳು. ನಿಯಮದಲ್ಲಿ ಕ್ಯಾಮೆರಾ ಹಿಡಿಯಬಹುದು ಎಂದಿತ್ತಲ್ಲ, ಪಟ್ಟಿ ಹಾಕುವವರ ಹತ್ತಿರ ಹೋಗಿ ಕ್ಯಾಮೆರಾಕ್ಕೆ ತನ್ನ ಹೆಸರು ಬರೆಸಿದಳು. ಮೊದಲ ವರ್ಷದ ಹುಡುಗರು ಮಾಡುವ ಕೆಲಸ. ಪಿ.ಜಿ.ಗಳೆಲ್ಲ ಥರಥರ ನಡುಗಿದರು. ಅವಳು ಕ್ಯಾಮೆರಾ ಹಿಡಿದಿದ್ದರೆ ಯಾರ ಕೈ ತಾನೇ ಓಡೀತು? ಎಲ್ಲರೂ ಒಂದೊಂದು ನೆವ ಹೇಳಿ ಜಾರಿಕೊಂಡದ್ದರಿಂದ, ನಾನು ಮೊದಲ ಸಲ ಸ್ವತಂತ್ರವಾಗಿ ಪಿತ್ತಕೋಶ ತೆಗೆಯುವ ದಿನ ಅವಳೇ ನನ್ನ ಪಾಲಿಗೆ ಬಂದಳು.

ರೋಗಿ ಬಸ್ ಡ್ರೈವರ್, ದೊಡ್ಡ ಮೀಸೆಯವನು. ಮೇಜಿನ ಮೇಲೆ ಮಲಗಿದವನು ನನ್ನನ್ನು ಬಿಟ್ಟು ಅಮ್ಮನ ಕಡೆಗೇ ನೋಡಿ, “ದೊಡ್ಡ ಡಾಕ್ಟ್ರಮ್ಮ, ನೀವೇ ಮಾಡ್ತೀರಿ ಅಲ್ವಾ?” ಎಂದ.

“ನಾನು ಲೈಟು ಹಿಡಿಯೋಳಪ್ಪ” ಎಂದಳು ಅಮ್ಮ. “ಡ್ರೈವರ್ ಅವಳು. ಹೊಸಬಳೇ, ಆದ್ರೆ ಲೈಸೆನ್ಸ್ ಇದೆ.”

ಅವನು ಗಾಬರಿಯಾಗುವ ಮೊದಲೇ ಅರಿವಳಿಕೆಯವರು ಅವನನ್ನು ನಿದ್ದೆಗೆ ತಳ್ಳಿದರು.

ಎಲ್ಲ ಚೆನ್ನಾಗಿ ನಡೆಯಿತು. ಮುಖ್ಯಸ್ಥರು ನನ್ನ ಎದುರಿಗೆ ಕೈಕಟ್ಟಿ ನಿಂತಿದ್ದರು. ಅಮ್ಮ ಬಲಗೈಯಲ್ಲಿ ಕ್ಯಾಮೆರಾ ಹಿಡಿದು ನನಗೆ ಬೇಕಾದ ಕಡೆ ತೋರಿಸುತ್ತಿದ್ದಳು, ಕೆಮ್ಮು ಕೂಡ ಇಲ್ಲ. ನಾಳಕ್ಕೆ ಕ್ಲಿಪ್ ಹಾಕಿ ಕತ್ತರಿಸಿದೆ. ರಕ್ತನಾಳಕ್ಕೆ ಕ್ಲಿಪ್ ಹಾಕಿ ಕತ್ತರಿಸಿದೆ. ಕ್ಲಿಪ್ ಜಾರಿತು.

ಅತ್ತೆಯ ಹೊಟ್ಟೆಯಲ್ಲಿ ರಕ್ತ ಬಂದರೆ ತೆರೆ ಕೆಂಪಾಗುತ್ತದೆ, ಅಷ್ಟೇ. ಇದು ಚಿಮ್ಮಿತು. ಟೀವಿಯಲ್ಲಿ ಒಂದು ಕ್ಷಣ ಏನೂ ಕಾಣಲಿಲ್ಲ. ಚಿತ್ರ ಹಿಂದಕ್ಕೆ ಸರಿಯಿತು. ಅಮ್ಮ ಗಾಜಿಗೆ ರಕ್ತ ಬೀಳದಷ್ಟು ಮಾತ್ರ ಕ್ಯಾಮೆರಾ ಎಳೆದುಕೊಂಡು ನಿಂತಿದ್ದಳು. ರಕ್ತ ಚಿಮ್ಮುವ ಜಾಗ ತೆರೆಯ ನಟ್ಟನಡುವೆ ಇತ್ತು. ಆದರೆ ನನ್ನ ಕೈಗಳು ನನ್ನವಾಗಿ ಉಳಿದಿರಲಿಲ್ಲ.

“ಅಮ್ಮಾ” ಎಂದೆ, ಥಿಯೇಟರೆಂಬುದೂ ಮರೆತು. “ನೀನೇ ಮಾಡಮ್ಮ. ನನ್ನಿಂದಾಗಲ್ಲ.”

“ನಾನು ಫೇಲಾದೋಳು ಕಣೇ” ಎಂದಳು ಅಮ್ಮ. “ನೀನೇ ಮಾಡು.”

ಮುಖ್ಯಸ್ಥರು ಕೈ ಚಾಚಿದರು. “ಒಂದು ನಿಮಿಷ ತಾಳೋ” ಎಂದಳು ಅಮ್ಮ ಅವರಿಗೆ. ಆಮೇಲೆ ನನಗೆ, ಊಟದ ಮೇಜಿನ ದನಿಯಲ್ಲಿ, “ಹೊಟ್ಟೆ ತೆರೀಬೇಕಾಗಿ ಬಂದ್ರೆ ಅದು ನನ್ನ ಕೆಲಸ. ಅದಕ್ಕೆ ನನಗ್ಯಾರ ಸರ್ಟಿಫಿಕೇಟೂ ಬೇಡ. ಅಲ್ಲಿವರೆಗೂ ನಿಂದು. ಒತ್ತು ಮೊದ್ಲು. ಗೂಬೆ ಥರ ನಿಂತ್ಕೊಂಡಿದ್ದೀಯಲ್ಲ!”

ಅವಳ ಎಡಗೈ ಆಗಲೇ ಟ್ರೇಯ ಮೇಲಿತ್ತು, ಚಾಕುವಿನ ಹಿಡಿಯ ಮೇಲೆ. ಆ ಕೈಗೆ ಎಷ್ಟು ಆಸೆ ಎಂದು ನನಗೆ ಗೊತ್ತು. ಎಷ್ಟೋ ತಿಂಗಳಿಂದ ಹೊಟ್ಟೆ ಮುಟ್ಟದ ಕೈ. ನನ್ನಿಂದಾಗಲ್ಲ ಎಂದು ಇನ್ನೊಂದು ಸಲ ಅಂದಿದ್ದರೆ ಸಾಕಿತ್ತು, ಒಂದೇ ಎಳೆತಕ್ಕೆ ಹೆದ್ದಾರಿ ತೆರೆದು, ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ರಕ್ತ ನಿಲ್ಲಿಸಿ, ಇಡೀ ಆಸ್ಪತ್ರೆಗೆ ತಾನು ಯಾರೆಂದು ತೋರಿಸಿಬಿಡುತ್ತಿದ್ದಳು. ಅವಳ ಬಲಗೈಯಲ್ಲಿದ್ದ ಕ್ಯಾಮೆರಾ ಮಾತ್ರ ಒಂದಿಷ್ಟೂ ಅಲುಗದೆ ನನಗೆ ಜಾಗ ತೋರಿಸುತ್ತಾ ನಿಂತಿತ್ತು.

ಒತ್ತಿದೆ. ಕಾದೆ. ಚಿಮ್ಮುವುದು ತಗ್ಗಿತು. ಹೀರುವ ಕೊಳವೆ ಇಟ್ಟು ರಕ್ತ ತೆಗೆದಾಗ ರಕ್ತನಾಳದ ತುದಿ ಬೆಳ್ಳಗೆ ಕಂಡಿತು. ಹಿಡಿದೆ. ಕ್ಲಿಪ್ ಹಾಕಿದೆ, ಅದರ ಪಕ್ಕದಲ್ಲಿ ಇನ್ನೊಂದು ಹಾಕಿದೆ. ಒತ್ತಿದ್ದನ್ನು ಮೆಲ್ಲಗೆ ಬಿಟ್ಟೆ. ರಕ್ತ ನಿಂತಿತ್ತು.

ಮುಖ್ಯಸ್ಥರು ದೊಡ್ಡದಾಗಿ ಉಸಿರು ಬಿಟ್ಟರು. ನಾನು ಅಮ್ಮನ ಕಡೆ ನೋಡಿದೆ. ಅವಳು ಚಾಕುವಿನ ಮೇಲಿಂದ ಎಡಗೈ ತೆಗೆಯುತ್ತಿದ್ದಳು, ಬೆರಳು ಬೆರಳಾಗಿ. ಮಾಸ್ಕಿನ ಮೇಲೆ ಕಣ್ಣಷ್ಟೇ ಕಾಣುತ್ತಿತ್ತು. ಆ ಕಣ್ಣಲ್ಲಿ ಸಂತೋಷ ಇತ್ತು, ಬೇಸರವೂ ಇತ್ತು, ಅವಳು ಎರಡನ್ನೂ ಮುಚ್ಚಿಡಲಿಲ್ಲ. ಇವಳನ್ನು ಕರುಣೆಯಿಂದ ನೋಡಿದೆನಲ್ಲ ಎಂದು ನನ್ನ ಮೇಲೆಯೇ ನನಗೆ ಸಿಟ್ಟು ಬಂತು.

ಅಮ್ಮ ಕ್ಯಾಮೆರಾ ಹೊರತೆಗೆದು, ಗಾಜು ಒರೆಸಿ, ಮತ್ತೆ ಒಳಗೆ ತೂರಿಸಿ ನೆಟ್ಟಗೆ ಹಿಡಿದಳು.

“ಎಲ್ಲಿ ತೋರಿಸ್ಲಿ, ಮೇಡಂ?” ಎಂದಳು.